ಪಂಕ್ತಿಯಲ್ಲಿ ಓಡಾಡಿದ ತೂತು

ತೂತಿನ ಬಗ್ಗೆ ನನಗೆ ಗೊತ್ತಿರುವಷ್ಟು ಮುಂಬಯಿಯ ಇಡೀ ಭಾಂಡುಪಿನಲ್ಲಿ ಇನ್ನಾರಿಗೂ ಗೊತ್ತಿಲ್ಲ. ಪಿಎಚ್.ಡಿ. ಮಾಡಿದ್ದೇ ಅದರಲ್ಲಿ! ಕೆಲವು ಹರಳುಗಳಲ್ಲಿ ಎಲೆಕ್ಟ್ರಾನುಗಳು ಮನೆಗೊಂದರಂತೆ ಕೂತಿರುತ್ತವೆ, ಒಂದು ಮೇಲೆ ಮುಖ ಮಾಡಿದರೆ ಪಕ್ಕದ್ದು ಕೆಳಗೆ. ಒಂದರ ಮನೆಗೆ ಇನ್ನೊಂದು ಕಾಲಿಡದಷ್ಟು ಜಗಳ. ಹಾಗಾಗಿ ಯಾವುದೂ ಅಲುಗಾಡುವುದಿಲ್ಲ. ಒಂದನ್ನು ಕಿತ್ತರೆ ತೂತು. ಪಕ್ಕದ್ದು ಅಲ್ಲಿಗೆ ಜಿಗಿಯುತ್ತದೆ, ತೂತು ಪಕ್ಕಕ್ಕೆ ಬರುತ್ತದೆ. ಹೀಗೆ ತೂತೇ ಊರು ಸುತ್ತುತ್ತದೆ.

"ಅದರಿಂದ ಎಂತ ಪ್ರಯೋಜನ ಅಳಿಯಂದಿರೇ?" ಎಂದು ಗ್ರಾಂಟ್ ರೋಡಿನಲ್ಲಿ ಹೋಟೆಲಿಟ್ಟಿರುವ ಮಾವ ನಮ್ಮ ಮದುವೆಯಾದಂದಿನಿಂದ ಕೇಳುತ್ತಿದ್ದಾರೆ. ಮೊನ್ನೆ ಸಯನ್ನಿನ ಸಭಾಗೃಹದಲ್ಲಿ ಭಾವಮೈದನ ಮದುವೆ. ಜನರನ್ನು ಊಟಕ್ಕೆ ಕೂರಿಸುವ ಹೊಣೆ ನನ್ನ ಪಾಲಿಗೆ ಬಂತು. ನನ್ನ ಶಾಸ್ತ್ರದ ಪ್ರಯೋಜನ ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ.

"ಹುಡುಗಿಯ ಸೋದರಮಾವನನ್ನು ಚಂದ ನೋಡ್ಕೊಳ್ಳಿ ಮಾರಾಯ್ರೇ," ಎಂದಳು ಹೆಂಡತಿ ಶೈಲಾ. "ಅವರು ಊಟ ಬಿಟ್ಟು ಎದ್ದರೆ ಸಂಬಂಧವೇ ಹಾಳು!"

ಎರಡು ಕಡೆಯವರೂ ಬೆರೆಯಲೆಂದು ಗಂಡಿನವರೊಬ್ಬರು, ಹೆಣ್ಣಿನವರೊಬ್ಬರು, ಹೀಗೆ ಚದುರಂಗದ ಮನೆಗಳಂತೆ ಕೂರಿಸಿದೆ. ಸೋದರಮಾವ ಫ್ಯಾನಿನ ಕೆಳಗೆ. ಎಲೆ ಹಾಕಿಯಾಯಿತು. ಅಷ್ಟರಲ್ಲಿ ಅವರಿಗೆ ಫೋನು ಬಂತು, ಎದ್ದು ಹೊರಗೆ ಹೋದರು.

ತೂತು!

"ಅರೆ, ಇಲ್ಲಿ ಹವಾ ಬರ್ತದೆ," ಎಂದು ಪಕ್ಕದವರು ಅಲ್ಲಿಗೆ ಸರಿದರು. ಅವರ ಜಾಗಕ್ಕೆ ಹಿಂದಿನ ಸಾಲಿನವರು, ಅವರ ಜಾಗಕ್ಕೆ ಇನ್ನೊಬ್ಬರು. ತಡೆಯಬೇಕಿದ್ದ ನಾನು ವೀಡಿಯೊ ಮಾಡುತ್ತ ನಿಂತೆ! ತೂತು ಹೋದ ದಾರಿಯುದ್ದಕ್ಕೂ ಗಂಡಿನವರ ಪಕ್ಕ ಗಂಡಿನವರು, ಹೆಣ್ಣಿನವರ ಪಕ್ಕ ಹೆಣ್ಣಿನವರು. ಥೇಟ್ ನನ್ನ ಪ್ರಬಂಧದಲ್ಲಿದ್ದ ಹಾಗೆ! ಕೊನೆಗೆ ತೂತು ಕೈ ತೊಳೆಯುವ ಬೇಸಿನ್ ಪಕ್ಕ ಹೋಗಿ ನಿಂತಿತು.

ಸೋದರಮಾವ ಮರಳಿ ಬಂದರು. "ನನ್ನ ಎಲೆ ಎಲ್ಲುಂಟು?"

ಬೇಸಿನ್ ತೋರಿಸಿದೆ. ಅವರ ಮುಖ ಕೆಂಪಾಯಿತು.

ನಾನು ಗಾಬರಿಯಾಗಲಿಲ್ಲ. ಶಾಸ್ತ್ರದಲ್ಲಿ ಪರಿಹಾರವಿದೆ. ಎರಡನೇ ತೂತು ಮಾಡಿದರೆ ಅದು ಮೊದಲನೆಯದರ ಹಿಂದೆಯೇ ಸಾಗಿ, ಕೆಟ್ಟಿದ್ದನ್ನೆಲ್ಲ ಸರಿಮಾಡುತ್ತದೆ. ಮಾವನ ಚಿಕ್ಕಪ್ಪನ ಬಳಿ ಹೋಗಿ, "ಅಜ್ಜಾ, ಸ್ವಲ್ಪ ಏಳ್ತೀರಾ?" ಎಂದೆ.

ಇಡೀ ಪಂಕ್ತಿ ನನ್ನತ್ತ ತಿರುಗಿತು. ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದೇ!

ಎರಡು ತೂತುಗಳು ಜೋಡಿಯಾದರೆ ಯಾರ ತಡೆಯೂ ಇಲ್ಲದೆ ಹರಿದುಹೋಗುತ್ತವೆ ಎಂದು ನಾನೇ ಬರೆದಿದ್ದೆ. ಅಜ್ಜ ಎದ್ದವರೇ ಸೋದರಮಾವನ ಕೈ ಹಿಡಿದರು. ಇಬ್ಬರೂ ನನ್ನನ್ನು ಬೈಯುತ್ತ ಬಾಗಿಲಿನತ್ತ ಹರಿದರು!

ಶೈಲಾ ತಲೆ ಮೇಲೆ ಕೈಯಿಟ್ಟಳು. ಮಾವ ಓಡಿಬಂದು ಅಡ್ಡ ನಿಂತು, ಕೈ ಮುಗಿದು, ವಧೂವರರ ಪಕ್ಕ ತಮಗೂ ನನಗೂ ಹಾಕಿಸಿದ್ದ ಎಲೆಗಳಿಗೆ ಅವರನ್ನು ಕೂರಿಸಿ, ತಾವೇ ಪಾಯಸ ಬಡಿಸಿದರು. ಸೋದರಮಾವ ಇನ್ನೊಂದು ಸೌಟು ಹಾಕಿಸಿಕೊಂಡ ಮೇಲೆ ನಮಗೆಲ್ಲ ಜೀವ ಬಂತು.

"ಅವರು ಯಾರು?" ಎಂದು ಸೋದರಮಾವ ನನ್ನತ್ತ ಬೆರಳು ತೋರಿಸಿದರು.

"ಎಲ್ಲರ ಮನೆ ದೋಸೆಯೂ ತೂತೇ ಅಲ್ವಾ," ಎಂದರು ಮಾವ. "ನಮ್ಮನೆ ತೂತಿಗೆ ಪಿಎಚ್.ಡಿ. ಆಗಿದೆ, ಅಷ್ಟೇ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ತೆಪ್ಪಗೆ ಬೇಸಿನ್ ಪಕ್ಕದ ಖಾಲಿ ಎಲೆಯ ಮುಂದೆ ಹೋಗಿ ಕೂತೆ. ತೂತಿನಿಂದ ಕೊನೆಗೂ ಒಂದು ಪ್ರಯೋಜನವಾಯಿತು: ನನಗೆ ಊಟಕ್ಕೆ ಜಾಗ ಸಿಕ್ಕಿತು!