ಹೋಗುವುದಿಲ್ಲ ಎಂದು ಕಳಿಸಿದ ಅರ್ಜಿ

ಕಂಪ್ಯೂಟರ್ ಕಲಿಯಲು ನನಗೆ ಎಂಟು ದಿನ ಸಾಕು ಎಂದು ಇಡೀ ಓಣಿಗೆ ಕೇಳುವಂತೆ ಘೋಷಿಸಿದ್ದೆ. ನಿಜ ಹೇಳಬೇಕೆಂದರೆ ಏಳೇ ದಿನ ಸಾಕಿತ್ತು. ನಡುವೆ ಒಂದು ಅಮಾವಾಸ್ಯೆ ಬರುತ್ತಿದ್ದುದರಿಂದ ಒಂದು ದಿನ ಹೆಚ್ಚಿಗೆ ಹಿಡಿದಿದ್ದೆ.

ಸವಣೂರಿನಲ್ಲಿ ನನ್ನದು ಖಾರದ ಅಂಗಡಿ. ಮೂವತ್ತು ವರ್ಷಗಳಿಂದ ಕಾದ ಎಣ್ಣೆಯ ಮುಂದೆ ಕುಳಿತು ಕಡಲೆಹಿಟ್ಟಿನ ಶೇವು ಒತ್ತುತ್ತ ಬಂದಿದ್ದೇನೆ. ‘ಚನ್ನಬಸಪ್ಪನ ಬಾಣಲೆಗಿಂತ ಅವನ ತಲೆ ಬೇಗ ಕಾಯುತ್ತದೆ’ ಎಂದು ಊರಲ್ಲಿ ಒಂದು ಮಾತಿದೆ. ಇದು ಶುದ್ಧ ಸುಳ್ಳು. ಹೀಗೆಂದವರು ಯಾರೆಂದು ಗೊತ್ತಾದರೆ ಅವರನ್ನು ಸುಮ್ಮನೆ ಬಿಡುವುದಿಲ್ಲ!

ಕಲಿಯಬೇಕೆಂಬ ಹಟ ಹುಟ್ಟಿದ್ದೂ ಸಿಟ್ಟಿನಿಂದಲೇ. ಅಂಗಡಿಯ ಪರವಾನಗಿ ನವೀಕರಿಸಲು ಅರ್ಜಿ ತುಂಬಿಕೊಡುವ ಒಬ್ಬನ ಹತ್ತಿರ ಹೋಗಿದ್ದೆ. ಆ ಮಹಾಶಯ ಒಂದು ಕೈಯಲ್ಲಿ ಮೊಬೈಲ್ ನೋಡುತ್ತ ಇನ್ನೊಂದು ಕೈಯಲ್ಲಿ ನನ್ನ ಅರ್ಜಿ ತುಂಬಿದ. ಕೆಲವು ದಿನಗಳ ನಂತರ ಕಚೇರಿಯಿಂದ ಒಂದು ಪತ್ರ ಬಂತು: ‘ತಮ್ಮ ಕಾರಿನ ಅಂಗಡಿಗೆ ವಾಹನ ನಿಲ್ಲಿಸಲು ಇರುವ ಸ್ಥಳದ ಅಳತೆಯನ್ನು ತಿಳಿಸುವುದು.’

ಖಾರ ಹೋಗಿ ಕಾರ್ ಆಗಿತ್ತು! ಸೈಕಲ್ಲೂ ಇಲ್ಲದವನಿಗೆ ಕಾರಿನ ಅಂಗಡಿ!

“ಇನ್ನ ಯಾವನ ಕೈಕಾಲೂ ಹಿಡಿಯೂದು ಬ್ಯಾಡ. ಗ್ರಂಥಾಲಯದ ಮ್ಯಾಲ ದೊಡ್ಡವ್ರಿಗೆ ಕಂಪ್ಯೂಟರ್ ಕಲಸ್ತಾರಂತ. ನಾಳೆಯಿಂದ ನಾ ಹೋಗ್ತೇನಿ!” ಎಂದು ಆ ಪತ್ರವನ್ನು ನೆಲಕ್ಕೆ ಬಡಿದೆ. ಪತ್ರ ಸದ್ದು ಮಾಡಲಿಲ್ಲ. ಅದಕ್ಕೂ ಸಿಟ್ಟು ಬಂತು.

ಹೆಂಡತಿ ನೀಲವ್ವ ಕಡಲೆಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆ ಎತ್ತದೆಯೇ, “ನಾನೂ ಹೆಸರ ಹಚ್ಚೇನ್ರಿ, ಮೊನ್ನೇನ” ಎಂದಳು.

“ನೀನು? ನಿನಗ್ಯಾಕ ಬೇಕು?”

“ನಿಮಗ್ಯಾಕ ಬೇಕೋ ಅದಕ್ಕ.”

ತರಗತಿಯಲ್ಲಿ ಆರು ಕಂಪ್ಯೂಟರ್, ಹನ್ನೆರಡು ಜನ. ಎಲ್ಲರೂ ನಲವತ್ತು ದಾಟಿದವರೇ. ನನ್ನ ಜೋಡಿಗೆ ವೀಳ್ಯದೆಲೆ ತೋಟದ ಮಾಬುಸಾಬ. ನೀಲವ್ವನ ಜೋಡಿಗೆ ಪಕ್ಕದ ಹಳ್ಳಿಯಿಂದ ಕೂಲಿ ಮುಗಿಸಿ ಬರುತ್ತಿದ್ದ ಫಕ್ಕೀರವ್ವ. ಕಲಿಸುವವಳು ಶೈಲಾ ಎಂಬ ಹುಡುಗಿ, ದಿನಾ ಹಾನಗಲ್ಲಿನಿಂದ ಬರುತ್ತಿದ್ದಳು. ವಯಸ್ಸಿನಲ್ಲಿ ನನ್ನ ಕಡಾಯಿಗಿಂತ ಚಿಕ್ಕವಳು. ಇವಳೇನು ಕಲಿಸಿಯಾಳು ಎಂದು ಒಳಗೊಳಗೇ ನಕ್ಕೆ.

ಮೊದಲ ದಿನ ‘ಕ’ ಅಕ್ಷರ ಒತ್ತಲು ಹೇಳಿದಳು. ಒತ್ತುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವ! ಒತ್ತಿದೆ. ಪರದೆಯ ತುಂಬ ಕಕಕಕಕಕ ಎಂದು ಕಾಗೆಗಳ ಸಂತೆ ನೆರೆಯಿತು.

“ಕಾಕಾರ, ಮುಟ್ಟಿ ಬಿಟ್ಟಬಿಡ್ರಿ. ಜೋರ ಒತ್ತಬ್ಯಾಡ್ರಿ” ಎಂದಳು ಶೈಲಾ.

“ಒತ್ತಂತ ಹೇಳಿದಾಕಿ ನೀನ ಅಲ್ಲೇನವಾ?”

ಹಿಂದಿನ ಸಾಲಿನಲ್ಲಿ ನೀಲವ್ವ ತನ್ನ ಹೆಸರನ್ನು ಒತ್ತಕ್ಷರದ ಸಮೇತ ಬರೆದು ಮುಗಿಸಿದ್ದಳು. “ಅಕ್ಕಾರ, ನಿಮ್ಮ ಮನಿಯವ್ರಿಗೆ ಸ್ವಲ್ಪ ತೋರಸ್ರಿ” ಎಂದು ಶೈಲಾ ಆಕೆಗೆ ಹೇಳಿದಳು. ಹೆಂಡತಿ ಬಂದು ಎಲ್ಲರೆದುರು ನನ್ನ ಬೆರಳು ಹಿಡಿದು ‘ಕ’ ಬರೆಸಿದಳು. ನನ್ನ ಅಪ್ಪ ಕೂಡ ಹೀಗೆ ಕೈ ಹಿಡಿದು ಬರೆಸಿರಲಿಲ್ಲ!

ಎರಡನೆಯ ವಾರ ಇಮೇಲ್. ಒಳಗೆ ಬಿಡುವ ಮುಂಚೆ ಆ ಯಂತ್ರ ನನ್ನನ್ನು, ‘ನಾನು ರೋಬೋಟ್ ಅಲ್ಲ’ ಎಂದು ಒಪ್ಪಿಕೊಳ್ಳಲು ಕೇಳಿತು. ಯಂತ್ರವೇ ಮನುಷ್ಯನನ್ನು ಹೀಗೆ ಕೇಳುವುದೆಂದರೇನು? ಸಹಿಸಿಕೊಂಡೆ. ಮರುಕ್ಷಣ ಒಂಬತ್ತು ಚಿತ್ರ ತೋರಿಸಿ, ಸಿಗ್ನಲ್ ದೀಪ ಇರುವ ಚಿತ್ರಗಳನ್ನು ಆರಿಸು ಎಂದಿತು.

“ಸವಣೂರಾಗ ಸಿಗ್ನಲ್ ಎಲ್ಲೈತಿ?” ಎಂದು ಪರದೆಗೇ ಕೇಳಿದೆ.

“ಹುಬ್ಬಳ್ಳ್ಯಾಗ ನೋಡೀರಲ್ಲೋ ಮಾರಾಯ್ರ” ಎಂದ ಮಾಬುಸಾಬ.

ಮೂರು ಸಲ ಆರಿಸಿದೆ. ಮೂರು ಸಲವೂ ತಪ್ಪು. ನಾನು ಮನುಷ್ಯನೆಂದು ಆ ಯಂತ್ರ ಒಪ್ಪಲೇ ಇಲ್ಲ. ಕೊನೆಗೆ ಮಾಬುಸಾಬ ನನ್ನ ಪರವಾಗಿ ಮನುಷ್ಯನಾದ.

ಇಷ್ಟಾದರೂ ನಾನು ತಾಳ್ಮೆ ಕಳೆದುಕೊಂಡಿರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ತಾಳ್ಮೆ ಹೋದದ್ದು ಮೂರನೆಯ ವಾರ. ಅಂದು ಪರವಾನಗಿ ಕಚೇರಿಗೆ ಉತ್ತರ ಬರೆಯುತ್ತಿದ್ದೆ. ‘ಕಾರಿಗೂ ನನಗೂ ಯಾವುದೇ ರೀತಿಯ ಸಂಬಂಧ ಇರುವುದಿಲ್ಲ’ ಎಂಬಲ್ಲಿಂದ ಆರಂಭಿಸಿ, ಒಂದೂವರೆ ತಾಸು ಒದ್ದಾಡಿ, ಒಂದು ಪುಟ ಮುಗಿಸಿದ್ದೆ. ಶೈಲಾ ಅತ್ತಿತ್ತ ಓಡಾಡುತ್ತ, “ನಡುನಡುವ ಸೇವ್ ಮಾಡ್ಕೋತ ಇರ್ರಿ, ಸೇವ್ ಮಾಡ್ರಿ” ಎನ್ನುತ್ತಿದ್ದಳು.

“ಮೂವತ್ತು ವರ್ಷದಿಂದ ಶೇವ ಮಾಡಾಕತ್ತೇನಿ. ಇಲ್ಲಿಗೆ ಬಂದಾಗರ ಬಿಡವಾ!” ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಕರೆಂಟ್ ಹೋಯಿತು.

ಮತ್ತೆ ಬಂದಾಗ ನನ್ನ ಪುಟದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಬಿಳಿ ಪರದೆ ನನ್ನನ್ನು ಪಿಳಿಪಿಳಿ ನೋಡುತ್ತಿತ್ತು. ಉಳಿದ ಹನ್ನೊಂದು ಜನರ ಬರಹ ಇದ್ದಲ್ಲೇ ಇತ್ತು, ಯಾಕೆಂದರೆ ಅವರಾರೂ ಶೇವು ಮಾಡುವ ಕಸುಬಿನವರಲ್ಲ.

“ಅದಕ್ಕ ಹೇಳಿದ್ದೆ ಕಾಕಾರ” ಎಂದಳು ಶೈಲಾ. ಇನ್ನೇನೂ ಅನ್ನಲಿಲ್ಲ. ಆದರೆ ಸಿಟ್ಟಿಗೆದ್ದವನಿಗೆ ‘ಅದಕ್ಕ ಹೇಳಿದ್ದೆ’ ಎಂಬುದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ!

ಅಂದಿನ ಪಾಠ ಅರ್ಜಿ ಬರೆಯುವುದು. ಮನಸ್ಸಿನಲ್ಲಿದ್ದದ್ದನ್ನು ಬರೆಯಿರಿ ಎಂದಿದ್ದಳು. ಬರೆದೆ.

‘ಮಾನ್ಯರೇ, ವಿಷಯ: ಸವಣೂರಿನ ಕಂಪ್ಯೂಟರ್ ತರಗತಿಯನ್ನು ಕೂಡಲೇ ಮುಚ್ಚುವ ಬಗ್ಗೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇಲ್ಲಿ ಮೂರು ವಾರಗಳಿಂದ ನನಗೆ ಏನನ್ನೂ ಕಲಿಸಿರುವುದಿಲ್ಲ. ಶಿಕ್ಷಕಿಗೆ ಹಿರಿಯರೆಂದರೆ ಗೌರವವಿಲ್ಲ. ಯಂತ್ರಗಳಿಗಂತೂ ಮೊದಲೇ ಇಲ್ಲ. ಇಲ್ಲಿಗೆ ಬರುವವರೆಲ್ಲ ನಗುವುದಕ್ಕಾಗಿ ಬರುತ್ತಾರೆ. ಆದ್ದರಿಂದ ಇದಕ್ಕೆ ಬೀಗ ಹಾಕಬೇಕಾಗಿ ಪ್ರಾರ್ಥನೆ.’

ಕೆಳಗೆ ನನ್ನ ಪೂರ್ತಿ ಹೆಸರು. ಬರೆಯುವಾಗ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಗೋಡೆಯ ಮೇಲೆ ಇಮೇಲ್ ವಿಳಾಸಗಳ ಪಟ್ಟಿ ಅಂಟಿಸಿದ್ದರು, ಎಲ್ಲಕ್ಕಿಂತ ಮೇಲೆ ತರಗತಿ ನಡೆಸುವ ಹಾವೇರಿಯ ಮುಖ್ಯ ಕಚೇರಿಯದು. ಅದನ್ನೇ ಹಾಕಿ ಕಳಿಸುವ ಗುಂಡಿ ಒತ್ತಿದೆ. ನಾನು ಮಾಡಿದ್ದು ಒಂದೂ ಆಗದ ಯಂತ್ರದಲ್ಲಿ ಇದೊಂದು ಹೋದೀತೇ ಎಂಬ ಧೈರ್ಯ!

ಹೋಯಿತು.

ಎರಡು ದಿನ ಬಿಟ್ಟು ಶೈಲಾ ಬಂದಾಗ ಅವಳ ಕಣ್ಣು ಕೆಂಪಗಿತ್ತು. “ಸವಣೂರಿಂದ ಯಾರೋ ತಕರಾರು ಬರದಾರಂತ್ರಿ. ಯಾರು ಅಂತ ಹೇಳವಲ್ಲರು. ನಾಳೆ ಹಾವೇರಿಯಿಂದ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ಕ್ಲಾಸ್ ಬಂದ್ ಆದರೂ ಆಗಬಹುದು.”

ಮೊದಲು ಮಾತಾಡಿದವಳು ಫಕ್ಕೀರವ್ವ. ಅವಳು ಎಂದೂ ದನಿ ಎತ್ತಿದವಳಲ್ಲ. “ಕೂಲಿ ಹಾಜರಿ ಪಟ್ಟ್ಯಾಗ ನನ್ನ ಹೆಸರ ಐತೋ ಇಲ್ಲೋ ಅಂತ ಇಷ್ಟ ವರ್ಷ ಮಂದೀನ್ನ ಕೇಳ್ತಿದ್ದೆ. ಅವ್ರು ಇಲ್ಲಂದ್ರ ಇಲ್ಲ. ಹ್ವಾದ ವಾರ ಕಂಪ್ಯೂಟರಿನ್ಯಾಗ ನಾನ ತಗದು ನೋಡೇನಿ, ನನ್ನ ಕಣ್ಣಿಲೆ. ಈಗ ಇದನ್ನ ಬಂದ್ ಮಾಡಸಾವ ಯಾವನವಾ? ಅವನ ಬಾಯಾಗ ಮಣ್ಣ ಬೀಳ್ಲಿ!”

“ಅಂಥಾವನ್ನ ಕಾದ ಎಣ್ಣ್ಯಾಗ ಕರೀಬೇಕು!” ಎಂದು ಒಬ್ಬ ಗಂಡಸು ಎಲ್ಲರಿಗಿಂತ ಜೋರಾಗಿ ಕೂಗಿದ. ಆ ಗಂಡಸು ನಾನೇ.

ಬರೆದದ್ದನ್ನು ಹಿಂದಕ್ಕೆ ಪಡೆಯಬೇಕು, ಈಗಲೇ! ಮಾಬುಸಾಬ ಚಹಾಕ್ಕೆ ಇಳಿದದ್ದೇ ತಡ, ನನ್ನ ಅರ್ಜಿಯನ್ನು ತೆರೆದು, ಅದರ ಮೇಲೆ ‘ಕೆಳಗಿನದು ರದ್ದು’ ಎಂದು ಬರೆಯಲು ಹೊರಟೆ. ‘ರದ್ದು’ವಿನ ಒತ್ತಕ್ಷರ ಬರಲಿಲ್ಲ. ಬೆವರು ಬಂತು. ಯಾವುದೋ ಬಾಣದ ಗುರುತು ಒತ್ತಿದೆ. ವಿಳಾಸ ಕೇಳಿತು. ಗಡಿಬಿಡಿಯಲ್ಲಿ ಮೊದಲು ಕಂಡ ಹೆಸರು ಆರಿಸಿ ಕಳಿಸಿದೆ. ಅದು ಮುಖ್ಯ ಕಚೇರಿಯದಾಗಿರಲಿಲ್ಲ, ‘ಸವಣೂರು ತರಗತಿ – ಎಲ್ಲರೂ’ ಎಂದಾಗಿತ್ತು.

ಟಿಣ್! ಟಿಣ್! ಟಿಣ್! ಕೋಣೆಯಲ್ಲಿದ್ದ ಎಲ್ಲರ ಮೊಬೈಲೂ ಒಟ್ಟಿಗೆ ಕೂಗಿದವು. ಎಲ್ಲರಿಗೂ ಮೊಬೈಲ್‌ನಲ್ಲಿ ಇಮೇಲ್ ನೋಡುವುದನ್ನು ಶೈಲಾ ಅಷ್ಟು ಚೆನ್ನಾಗಿ ಕಲಿಸಿದ್ದಳು.

ನೀಲವ್ವ ಕನ್ನಡಕ ಏರಿಸಿಕೊಂಡು, ಪುರಾಣ ಓದುವವರ ದನಿಯಲ್ಲಿ ‘ಮಾನ್ಯರೇ’ಯಿಂದ ‘ಪ್ರಾರ್ಥನೆ’ಯ ತನಕ ಗಟ್ಟಿಯಾಗಿ ಓದಿದಳು. ನನ್ನ ಹೆಸರು ಬಂದಾಗ ನಿಲ್ಲಿಸಿದಳು. ಮದುವೆಯಾದಂದಿನಿಂದ ಅವಳು ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅಂದು ಹೇಳಿದಳು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಶೈಲಾ ಮಾತ್ರ ಸಣ್ಣ ದನಿಯಲ್ಲಿ, “ಕಾಕಾರ, ನಿಮಗ ಏನೂ ಕಲಸಿಲ್ಲೇನ್ರಿ ನಾನು?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಬಸ್ಸಿಗೆ ಹೊರಟುಹೋದಳು.

ಮನೆಯಲ್ಲಿ ನೀಲವ್ವ ನನಗೆ ಊಟಕ್ಕೆ ಬಡಿಸಿದಳು, ಆದರೆ ತಟ್ಟೆಯ ಜೊತೆ ಮಾತಾಡಿದಳು. “ಯಂತ್ರದ ಸಿಟ್ಟು ಆ ಹುಡಗೀ ಮ್ಯಾಲ ತಗದ್ರು ನೋಡು ತಾಟ, ನಮ್ಮ ಮನೀ ಹುಲಿ!” ತಟ್ಟೆ ಸುಮ್ಮನಿತ್ತು. ನಾನು ಎರಡನೆಯ ರೊಟ್ಟಿ ಕೇಳದೆ ಎದ್ದೆ.

ಮರುದಿನ ಸಾಹೇಬರು ಬಂದರು. ಕೈಯಲ್ಲಿ ನನ್ನ ಅರ್ಜಿಯ ಪ್ರತಿ. “ಚನ್ನಬಸಪ್ಪ ಯಾರ್ರಿ?”

ಎದ್ದು ನಿಂತೆ.

“ಏನೂ ಕಲಿಸಿಲ್ಲ ಅಂತ ಬರದೀರಿ. ಈ ಅರ್ಜಿ ಯಾರ ಕಡಿಂದ ಬರಸಿದ್ರಿ?”

ಈ ಮಾತಿಗೆ ಮಾತ್ರ ನನ್ನ ರಕ್ತ ಕುದಿಯಿತು! ಏನು ಬೇಕಾದರೂ ಅನ್ನಿ, ನಾನು ಬರೆದದ್ದನ್ನು ಬೇರೆಯವರು ಬರೆದದ್ದು ಎನ್ನಬೇಡಿ!

“ಯಾರ ಕಡಿಂದಾನೂ ಬರಸಿಲ್ರಿ. ನಾನ ಬರದೇನಿ!”

“ಟೈಪ್ ಮಾಡಿದ್ದು?”

“ನಾನ!”

“ಇಮೇಲ್ ಕಳಿಸಿದ್ದು?”

“ಅದನ್ನೂ ನಾನ!”

“ಮೂರು ವಾರದ ಹಿಂದ ಇದೆಲ್ಲ ಬರ್ತಿತ್ತೇನ್ರಿ ನಿಮಗ?”

“ಇಲ್ರಿ” ಎಂದೆ.

ಮಾಬುಸಾಬ ಮೊದಲು ನಕ್ಕ. ಆಮೇಲೆ ಇಡೀ ಕೋಣೆ. ಸಾಹೇಬರು ಕೂಡ ಕಾಗದದಿಂದ ಮುಖ ಮುಚ್ಚಿಕೊಂಡರು. ನಗದವಳು ಶೈಲಾ ಒಬ್ಬಳೇ. ಅವಳನ್ನು ನೋಡಿ ನನಗೆ ಇನ್ನೂ ಹೇಳುವುದಿದೆ ಅನ್ನಿಸಿತು. “ಸಾಹೇಬ್ರ, ತಪ್ಪು ನಂದು. ಕರೆಂಟ್ ಹೋಗಿ ಬರದದ್ದೆಲ್ಲಾ ಅಳಿಸಿ ಹೋತು, ಆ ಸಿಟ್ಟಿಗೆ ಹಂಗ ಬರದೆ. ಈ ಹುಡುಗಿ ಛಲೋ ಕಲಸ್ತಾಳ. ನನ್ನಂಥಾ ಕೋಣಗೂ ಕಲಸ್ಯಾಳ.”

“ಕರೆಂಟ್ ಹ್ವಾದ್ರ ಯುಪಿಎಸ್ ಐತೆಲ್ಲರೀ?” ಎಂದು ಸಾಹೇಬರು ಶೈಲಾಳನ್ನು ಕೇಳಿದರು.

ಎದ್ದವಳು ಫಕ್ಕೀರವ್ವ. “ಡಬ್ಬಿ ಐತ್ರಿ, ಅದರಾಗ ಬ್ಯಾಟ್ರಿ ಇಲ್ಲ. ಬ್ಯಾಟ್ರಿ ಕಳಸ್ರೀ ಅಂತ ಶೈಲಾ ಅಕ್ಕಾರು ಎಷ್ಟ ಸಲ ಬರದಾರ, ಯಾರೂ ಉತ್ತರಾ ಕೊಟ್ಟಿಲ್ಲ. ಇವ್ರು ಒಂದ ಸಲ ಬೈದು ಬರದ್ರು, ನೀವು ಮೂರ ದಿನದಾಗ ಬಂದ್ರಿ. ಹಂಗಾರ ನಾವು ಎಲ್ಲಾರೂ ಬೈದ ಬರೀಬೇಕೇನ್ರಿ?”

ಈ ಸಲ ಸಾಹೇಬರು ನಗಲಿಲ್ಲ. ಡಬ್ಬಿಯ ಹತ್ತಿರ ಹೋಗಿ, ಮುಚ್ಚಳ ತೆಗೆದು, ಖಾಲಿ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು. ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಮುಂದಿನ ವಾರ ಬ್ಯಾಟರಿ ಬಂತು. ತರಗತಿ ಮುಂದುವರಿಯಿತು. ಶೈಲಾ ನನ್ನೊಡನೆ ಮತ್ತೆ ಮಾತಾಡಲು ಇನ್ನೂ ಒಂದು ವಾರ ಹಿಡಿಯಿತು. ಅದು ನ್ಯಾಯವೇ.

ನಾನಂತೂ ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಬ್ಯಾಟರಿ ತರಿಸಿದ್ದು ಯಾವುದು? ನನ್ನ ಅರ್ಜಿ! ಆ ಉಬ್ಬು ಕೊನೆಯ ಪರೀಕ್ಷೆಯವರೆಗೆ ಇತ್ತು.

ಪರೀಕ್ಷೆಯ ಕೊನೆಯ ಪ್ರಶ್ನೆ: ‘ನಿಮ್ಮ ಶಿಕ್ಷಕಿಗೆ ಧನ್ಯವಾದ ಪತ್ರ ಬರೆದು ಇಮೇಲ್ ಮೂಲಕ ಕಳಿಸಿ.’ ನಾನು ಎರಡು ಪುಟ ಬರೆದೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದೆ. ಕ್ಷಮೆ ಕೇಳಿದೆ. ಮಗಳೇ ಎಂದು ಕರೆದೆ. ಬರೆಯುತ್ತ ನನ್ನ ಕಣ್ಣೇ ಒದ್ದೆಯಾಯಿತು. ವಿಳಾಸ ಹಾಕಿ, ಗುಂಡಿ ಒತ್ತಿ, ಶೈಲಾಳ ಮುಖ ನೋಡುತ್ತ ಕುಳಿತೆ.

ಹನ್ನೊಂದು ಪತ್ರ ಅವಳಿಗೆ ಮುಟ್ಟಿದವು. ನನ್ನದು ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಯಾರೋ ಅಪರಿಚಿತರಿಂದ ಉತ್ತರ ಬಂತು: ‘ತಾವು ಯಾರು? ನಾನು ತಮ್ಮ ಮಗಳಲ್ಲ. ನನಗೆ ಅರವತ್ತೆರಡು ವರ್ಷ.’

ನೀಲವ್ವ ಅದನ್ನು ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು: “ಬೈದದ್ದ ಮಾತ್ರ ಸೀದಾ ಹೋಗಿ ಮುಟ್ಟತೈತಿ ನೋಡ್ರಿ ನಿಮ್ದು!”

ಹನ್ನೆರಡು ಜನರಲ್ಲಿ ಹನ್ನೊಂದು ಜನ ಪಾಸಾದರು. ಈಗ ಹೊಸ ತಂಡ ಶುರುವಾಗಿದೆ. ಶೈಲಾ ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿ, “ಇವರು ನಮ್ಮ ಹಳೇ ವಿದ್ಯಾರ್ಥಿ” ಎಂದು ಹೊಸಬರಿಗೆ ಪರಿಚಯಿಸಿದಳು. ಅವರು ಎದ್ದು ನಮಸ್ಕಾರ ಮಾಡಿದರು. ನಾನೂ ಗಂಭೀರವಾಗಿ ಕೈ ಮುಗಿದೆ. ಯಾಕೆ ಹಳೆಯವನು ಎಂದು ಇನ್ನೂ ಯಾರೂ ಕೇಳಿಲ್ಲ.