ಉಕ್ಕದ ಹಾಲು ಮತ್ತು ನನ್ನ ವೃತ್ತಿಧರ್ಮ

ಕುದಿಯುವ ವಸ್ತುವನ್ನು ಪಾತ್ರೆಯಿಂದ ಆಚೆ ಹೋಗದಂತೆ ಹಿಡಿದಿಡುವ ವಿಷಯದಲ್ಲಿ ನಮ್ಮ ಇಡೀ ಇಟ್ಟಮಡು ಬಡಾವಣೆಯಲ್ಲಿ ನನ್ನಷ್ಟು ಓದಿದವರಿಲ್ಲ. ಇದು ಜಂಬವಲ್ಲ, ನನ್ನ ಉದ್ಯೋಗ. ಸೂರ್ಯನೊಳಗೆ ನಡೆಯುವ ಕೆಲಸವನ್ನು ಭೂಮಿಯ ಮೇಲೆ ಮಾಡಿ ಕರೆಂಟ್ ತೆಗೆಯಲು ನಮ್ಮ ಪ್ರಯೋಗಾಲಯ ಹೊರಟಿದೆ. ಅದಕ್ಕೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಅಯಸ್ಕಾಂತದ ಬಲದಿಂದ ತಡೆದು ನಿಲ್ಲಿಸಬೇಕು. ಅದು ನಿಲ್ಲುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕಣ್ಣೆದುರೇ ನುಣುಚಿಕೊಳ್ಳುತ್ತಿದೆ.

ಇಂಥ ವಿಜ್ಞಾನಿಗೆ ನಾದಿನಿ ಸುಮಾಳ ಗೃಹಪ್ರವೇಶದಲ್ಲಿ ವಹಿಸಿದ ಜವಾಬ್ದಾರಿ ಏನು? ಹಾಲು ಕಾಯುವುದು!

"ಒಂಬತ್ತೂವರೆಗೆ ಮುಹೂರ್ತ ಮುಗಿಯತ್ತೆ. ನಾವೆಲ್ಲ ಮಂಗಳಾರತಿಗೆ ಹೋಗ್ತಿದೀವಿ. ಹಾಲು ಮೇಲೆ ಬರ್ತಿದ್ದ ಹಾಗೇ ಕೂಗಿ," ಎಂದಳು ಹೆಂಡತಿ ವೀಣಾ.

"ಇದಕ್ಕೆ ಪಿಎಚ್‌ಡಿ ಬೇಕಾ?"

"ಬೇಡ. ಆದ್ರೂ ನಿಮಗೇ ಕೊಡ್ತಿದೀನಿ."

ಅಷ್ಟರಲ್ಲಿ ಮಾವನವರು ಅಡುಗೆಮನೆಗೆ ಬಂದರು. "ಅಳಿಯಂದಿರೇ, ನಿಮ್ಮ ಕರೆಂಟು ಈ ಮನೆಗೆ ಯಾವಾಗ ಬರತ್ತೆ?"

"ಇನ್ನೊಂದು ಮೂವತ್ತು ವರ್ಷ ಆಗಬಹುದು ಮಾವ."

"ಹೆಣ್ಣು ನೋಡೋಕೆ ಬಂದಾಗ್ಲೂ ಇದನ್ನೇ ಹೇಳಿದ್ರಿ."

ಮೈಯೆಲ್ಲ ಉರಿದುಹೋಯಿತು. ಸಂಶೋಧನೆ ಎಂದರೇನು, ತಾಳ್ಮೆ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳತೊಡಗಿದೆ. ಹಾಲು ಮೇಲೆ ಬಂತು. ಮಾತು ನಿಲ್ಲಿಸದೆ ಉರಿ ಸಣ್ಣ ಮಾಡಿದೆ. ಇಳಿಯಿತು. ಉರಿ ಹೆಚ್ಚಿಸಿದೆ, ಮತ್ತೆ ಬಂತು. ಮತ್ತೆ ಅಡಗಿಸಿದೆ. ಹೀಗೆ ಐದು ಸಲ. ಒಂದು ಹನಿ ಆಚೆ ಹೋಗಲಿಲ್ಲ. ಮಾವನವರು ನನ್ನ ಭಾಷಣ ತಾಳಲಾರದೆ ಯಾವಾಗಲೋ ಹೊರಗೆ ಹೋಗಿದ್ದರು.

ಸುಮಾ ಓಡಿಬಂದಳು. "ಭಾವ, ಹಾಲು ಉಕ್ಕಿತಾ?"

"ನಾನಿರೋವಾಗ ಉಕ್ಕೋಕೆ ಬಿಡ್ತೀನಾ?" ಎಂದೆ ಹೆಮ್ಮೆಯಿಂದ.

ಅವಳ ಕಣ್ಣಲ್ಲಿ ನೀರು ಬಂತು. ಹಿಂದೆಯೇ ಬಂದ ಪುರೋಹಿತರು ಗಡಿಯಾರ ನೋಡಿ, "ಮುಹೂರ್ತ ಮೀರಿಹೋಯ್ತು," ಎಂದರು. ಹೊಸ ಮನೆಯಲ್ಲಿ ಹಾಲು ಉಕ್ಕಬೇಕು ಎಂಬುದು ಎಳೆಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ.

"ಕೂಗಿ ಅಂದಿದ್ದೆ ತಾನೆ?" ಎಂದಳು ವೀಣಾ.

"ಚೆಲ್ಲಲಿ ಬಿಡಿ ಅಂತ ಯಾರಾದ್ರೂ ಹೇಳಿದ್ರಾ?" ಎಂದು ನಾನೂ ಸಿಡುಕಿದೆ. ತಪ್ಪು ನನ್ನದೇ ಇರಬಹುದು, ಆದರೆ ಸೂಚನೆ ಸ್ಪಷ್ಟವಾಗಿರಬೇಡವೇ?

ಮುಂದಿನ ಮುಹೂರ್ತ ಹನ್ನೊಂದೂಮುಕ್ಕಾಲಿಗಂತೆ. ಹಾಲು ಉಕ್ಕದೆ ತಿಂಡಿ ಇಲ್ಲ. ಹಸಿದ ನೆಂಟರೆಲ್ಲ ಸರದಿಯ ಮೇಲೆ ಬಂದು ನನ್ನ ಮುಖ ನೋಡಿಹೋದರು. ಕೊನೆಗೆ ಬಂದ ಮಾವನವರು ಪಾತ್ರೆಯೊಳಗೆ ಇಣುಕಿ, "ಅಂತೂ ಒಂದನ್ನ ಹಿಡಿದಿಟ್ರಿ," ಎಂದರು.

ಖಾರವಾಗಿ ಉತ್ತರ ಕೊಡಬೇಕೆಂದಿದ್ದೆ. ಆದರೆ ಯೋಚಿಸಿದರೆ, ಇಪ್ಪತ್ತೆರಡು ವರ್ಷಗಳಲ್ಲಿ ಯಶಸ್ವಿಯಾದ ನನ್ನ ಪ್ರಯೋಗ ಅದೊಂದೇ.