ನೋಡಿದತ್ತ ಓಡುವ ಬೈಕು

ಇಸ್ತ್ರಿ ಅಂಗಡಿಯ ಹತ್ತಿರ ರಸ್ತೆ ಬಲಕ್ಕೆ ತಿರುಗಿತು. ಗಡಿಯಾರ ರಿಪೇರಿಯವನ ಬೈಕು ತಿರುಗಲಿಲ್ಲ. ಮುಂದಿನ ಫಜೀತಿಗೆಲ್ಲ ಕಾರಣ ಅಷ್ಟೇ.

ಬೈಕು ನೆಟ್ಟಗೆ ಹೋಗಿ ಇಸ್ತ್ರಿ ಮೇಜಿಗೆ ಗುದ್ದಿತು. ಅವನೊಂದು ಕಡೆ ಬಿದ್ದ. ಹಿಂದೆ ಕೂತಿದ್ದ ಹೆಂಡತಿ ಮಡಿಸಿಟ್ಟ ಹೊದಿಕೆಗಳ ರಾಶಿಯ ಮೇಲೆ ಬಿದ್ದಳು. ಇಸ್ತ್ರಿಯವನು ಒಳ್ಳೆಯವನು. ಮೊದಲು ಆಕೆಯನ್ನು ಎಬ್ಬಿಸಿ, ಕುಡಿಯಲು ನೀರು ಕೊಟ್ಟು, ಆಮೇಲೆ ತನ್ನ ಹೊದಿಕೆಗಳ ಗತಿ ನೋಡಿದ. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಹೆಂಡತಿ ಬಟ್ಟೆ ಕೊಡವಿಕೊಳ್ಳುತ್ತ ನಡುಬೀದಿಯಲ್ಲೇ ಹೇಳಿಬಿಟ್ಟಳು:

“ನೀವು ತಿರುಗಿಸೋದು ಕಲಿಯೋವರೆಗೂ ನಾನು ನಿಮ್ಮ ಹಿಂದೆ ಕೂರಲ್ಲ ರೀ.”

ಅಂದಿನಿಂದ ಅವಳು ಬಸ್ಸು ಹಿಡಿದಳು. ಗಡಿಯಾರದವನಿಗೆ ಊಟ ರುಚಿಸದಾಯಿತು. ಮನೆಯಲ್ಲಿದ್ದಾಗ ಇಬ್ಬರಿಗೂ ಕೆಲಸವೇ ಮುಗಿಯದು. ಹದಿನೆಂಟು ವರ್ಷಗಳ ಅವರ ಸಂಸಾರದ ಮಾತುಕತೆಯೆಲ್ಲ ನಡೆದದ್ದು ಬೈಕಿನ ಮೇಲೆ. ಅವಳು ಅವನ ಭುಜದ ಮೇಲೆ ಕೈಯಿಟ್ಟು, ದಾರಿಯುದ್ದಕ್ಕೂ ಅದೂ ಇದೂ ಹೇಳುವಳು, ಅವನು ಹೂಂಗುಟ್ಟುವನು. ಈಗ ಆ ಸೀಟಿನ ಮೇಲೆ ಊಟದ ಡಬ್ಬಿ ಕೂತು ಬರುತ್ತಿತ್ತು. ಡಬ್ಬಿಗೆ ಮಾತು ಬರುತ್ತಿರಲಿಲ್ಲ.

ಎರಡು ತಿಂಗಳು ಹೀಗೆ ಕಳೆದ ಮೇಲೆ, ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಒಂದು ಭಾನುವಾರ ತಿರುವುಗಳಲ್ಲಿ ಬೈಕು ಓಡಿಸುವ ಪಾಠ ಹೇಳಿಕೊಡುತ್ತಾರೆ, ಸಂಜೆಗೆ ಸರ್ಟಿಫಿಕೇಟನ್ನೂ ಕೊಡುತ್ತಾರೆ ಎಂದು ಅವನಿಗೆ ತಿಳಿಯಿತು.

“ಸರ್ಟಿಫಿಕೇಟು ತಗೊಂಡ್ರೆ ಕೂರ್ತೀಯೇನೆ?” ಎಂದು ಕೇಳಿದ.

“ತಗೊಳ್ಳಿ. ಅವತ್ತೇ ಅಲ್ಲಿಂದಲೇ ನಿಮ್ಮ ಹಿಂದೆ ಕೂತು ಮನೆಗೆ ಬರ್ತೀನಿ,” ಅಂದಳು.

ಈ ವಿಷಯವನ್ನು ಅವನು ಗುಟ್ಟಾಗಿ ಇಸ್ತ್ರಿಯವನೊಬ್ಬನಿಗೇ ಹೇಳಿದ. ಹಾಗಾಗಿ ಭಾನುವಾರ ಬೆಳಿಗ್ಗೆ ಅವನ ಬೈಕಿನ ಹಿಂದೆಯೇ ಇಸ್ತ್ರಿಯವನ ವ್ಯಾನೂ ಹೊರಟಿತು. ಅದರಲ್ಲಿ ಹೆಂಡತಿಯ ಜೊತೆಗೆ, ಮಹಡಿ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು, ಕೆಳಮನೆಯ ಅಜ್ಜಿ. ಮೇಷ್ಟ್ರ ಕೈಯಲ್ಲಿ ಕಪ್ಪುಹಲಗೆಯ ಮೇಲೆ ಕೋನ ಅಳೆಯುವ ದೊಡ್ಡ ಕೋನಮಾಪಕ. ಅಜ್ಜಿಯ ಮಡಿಲಲ್ಲಿ ಐದು ಜನಕ್ಕಾಗುವಷ್ಟು ಊಟ, ಹತ್ತು ಜನಕ್ಕಾಗುವಷ್ಟು ನೀರು.

ಕಲಿಸುವವಳು ಇಪ್ಪತ್ತೈದರ ಹುಡುಗಿ. ನಿಲ್ಲಿಸಿದ ಬೈಕಿನ ಮೇಲೆ ಕೂತು ತೋರಿಸಿದಳು.

“ತಿರುವು ಬರೋ ಮುಂಚೆನೇ ಬ್ರೇಕ್ ಮುಗಿಸಿಬಿಡಿ. ಬಲಕ್ಕೆ ತಿರುಗ್ಬೇಕಾ? ಅರ್ಧ ಸೀಟಿನ ಮೇಲಿರಿ, ಅರ್ಧ ಬಲಕ್ಕೆ ಆಚೆ ಬನ್ನಿ. ಎಡಗಡೆ ತೊಡೆ ಟ್ಯಾಂಕನ್ನ ಗಟ್ಟಿಯಾಗಿ ಒತ್ತಿ ಹಿಡೀಲಿ, ಬಲ ಮೊಣಕಾಲು ಬಾಗಿಲು ತೆಗೆದ ಹಾಗೆ ತೆರ್ಕೊಳ್ಳಲಿ. ಎದೆ ಕೆಳಗೆ, ಕೈ ಸಡಿಲ. ನೀವು ಜಾಸ್ತಿ ವಾಲಿದಷ್ಟೂ ಬೈಕು ಕಡಿಮೆ ವಾಲಿದ್ರೆ ಸಾಕು.”

ಗಡಿಯಾರದವನು ಹತ್ತಿ ಕೂತ. ಬಸ್ಸಿನಲ್ಲಿ ಮೂರನೆಯವರಿಗೆ ಜಾಗ ಬಿಟ್ಟುಕೊಡುವವನ ಹಾಗೆ ಅರ್ಧ ಸೀಟಿನಿಂದ ಆಚೆ ಸರಿದ.

“ಅಯ್ಯೋ ಕಂದಾ, ಪೂರ್ತಿ ಕೂತ್ಕೊಳೋ, ಬೀಳ್ತೀಯ!” ಎಂದು ಅಜ್ಜಿ ಕೂಗಿದರು.

ಮೇಷ್ಟ್ರು ಅವನ ಬೆನ್ನಿಗೆ ಕೋನಮಾಪಕ ಹಿಡಿದರು. “ಮೂವತ್ತೇ ಡಿಗ್ರಿ. ಪಾಸಾಗಕ್ಕೆ ಮೂವತ್ತೈದಾದ್ರೂ ಬೇಕಲ್ವೇನಮ್ಮ?”

ಹುಡುಗಿ ನಗು ತಡೆದುಕೊಂಡಳು. “ಡಿಗ್ರಿ ಬಿಡಿ ಸಾರ್. ಎಲ್ಲಕ್ಕಿಂತ ದೊಡ್ಡದು ಕಣ್ಣು. ಎಲ್ಲಿಗೆ ಹೋಗ್ಬೇಕೋ ಅಲ್ಲೇ ನೋಡ್ಬೇಕು. ಕಣ್ಣು ಹೋದ ಕಡೆ ತಲೆ, ತಲೆ ಹೋದ ಕಡೆ ಭುಜ, ಭುಜ ಹೋದ ಕಡೆ ಬೈಕು.”

ಟ್ರ್ಯಾಕಿನಲ್ಲಿ ಮೂರು ತಿರುವು. ತಮ್ಮ ಹುಡುಗನಿಗೆ ಧೈರ್ಯ ಹೇಳಲೆಂದು ಮೇಷ್ಟ್ರು, ಅಜ್ಜಿ, ಇಸ್ತ್ರಿಯವನು ಮೂವರೂ ಒಂದೊಂದು ತಿರುವಿನ ಬೇಲಿಯ ಹಿಂದೆ ಹೋಗಿ ನಿಂತರು. ಬೇಲಿಗೂ ಟ್ರ್ಯಾಕಿಗೂ ನಡುವೆ ಜಲ್ಲಿ ಹಾಸಿದ ಜಾಗ.

ಮೊದಲ ತಿರುವು ಬಂತು. ಗಡಿಯಾರದವನು ಬ್ರೇಕ್ ಹಿಡಿದ, ಅರ್ಧ ಸರಿದ, ಮೊಣಕಾಲು ತೆರೆದ. ಎಲ್ಲವೂ ಸರಿಯಾಗಿತ್ತು.

“ಇನ್ನೂ ಐದು ಡಿಗ್ರಿ!” ಎಂದು ಮೇಷ್ಟ್ರು ಕೂಗಿದರು.

ಹಿರಿಯರು ಮಾತಾಡಿಸಿದಾಗ ಮುಖ ತಿರುಗಿಸಿಕೊಂಡು ಹೋಗುವುದು ಅವನ ಜಾಯಮಾನದಲ್ಲೇ ಇಲ್ಲ. “ಆಯ್ತು ಮೇಷ್ಟ್ರೇ,” ಎಂದು ಅವರತ್ತ ನೋಡಿದ. ಬೈಕೂ ಅವರತ್ತಲೇ ಹೊರಟು, ಜಲ್ಲಿಯಲ್ಲಿ ಅರ್ಧ ಚಕ್ರ ಹೂತುಕೊಂಡು, ಬೇಲಿಯ ಎದುರು ವಿದ್ಯಾರ್ಥಿಯ ಹಾಗೆ ನಿಂತಿತು. ಮೇಷ್ಟ್ರು ಬೇಲಿಯೊಳಗಿಂದ ಕೈ ತೂರಿಸಿ, ಧೂಳು ಹಿಡಿದ ಅವನ ಹೆಲ್ಮೆಟ್ ಗಾಜನ್ನು ತಮ್ಮ ಕರವಸ್ತ್ರದಿಂದ ಒರೆಸಿದರು.

“ಪರವಾಗಿಲ್ಲ ಬಿಡು. ವಿಧಾನ ಸರಿಯಿತ್ತು, ಉತ್ತರ ತಪ್ಪಾಯ್ತು.”

ಎರಡನೆಯ ತಿರುವಿನಲ್ಲಿ ಅಜ್ಜಿ ಬಾಟಲಿ ಎತ್ತಿ ಹಿಡಿದು, “ಕಂದಾ, ಒಂದು ಗುಟುಕು ನೀರು ಕುಡಿದು ಹೋಗೋ,” ಎಂದರು. ಅವನು ಬಾಟಲಿ ನೋಡಿದ. ಜಲ್ಲಿಯ ಮೇಲೆ ತೇಲಿಕೊಂಡು ಹೋಗಿ ಅಜ್ಜಿಯ ಎದುರು ನಿಂತ. ಹೇಗೂ ಬಂದಾಗಿತ್ತು, ನೀರು ಕುಡಿದ.

ಮೂರನೆಯ ತಿರುವಿನಲ್ಲಿದ್ದ ಇಸ್ತ್ರಿಯವನು ಜಾಣ. ಉಳಿದಿಬ್ಬರ ಕತೆ ನೋಡಿ, ಬಾಯಿಗೆ ಬೀಗ ಹಾಕಿಕೊಂಡೇ ನಿಂತಿದ್ದ. ಆದರೆ ಬೈಕು ಹತ್ತಿರ ಬಂದಾಗ ಜೀವ ತಡೆಯಲಿಲ್ಲ.

“ಸಾರ್, ನನ್ನ ಕಡೆ ಮಾತ್ರ ನೋಡ್ಬೇಡಿ!”

ಯಾರಪ್ಪಾ ಇದು ಎಂದು ಅವನು ನೋಡಿದ.

ಮಧ್ಯಾಹ್ನದ ಹೊತ್ತಿಗೆ ಗಡಿಯಾರದವನ ಬೂಟಿನಲ್ಲಿ ಕಾಲಿಗಿಂತ ಜಲ್ಲಿಯೇ ಹೆಚ್ಚಾಗಿತ್ತು. ಜೊತೆಯಲ್ಲಿ ಕಲಿಯಲು ಬಂದವರು ಬೇಲಿಯ ಹತ್ತಿರ ಯಾವುದೋ ಅಂಗಡಿಯಿರಬೇಕೆಂದುಕೊಂಡರು.

ಹುಡುಗಿ ಹೆಂಡತಿಯ ಪಕ್ಕದಲ್ಲಿ ಬಂದು ಕೂತಳು. “ಅಕ್ಕಾ, ಇವರು ಕೂರೋದು, ವಾಲೋದು, ಎಲ್ಲ ಅಚ್ಚುಕಟ್ಟು. ಆದ್ರೆ ಹೋಗ್ಬೇಕಾದ ಕಡೆ ನೋಡಲ್ಲವಲ್ಲ!”

“ಕರೆದವರನ್ನ ನೋಡದೆ ಹೋಗಕ್ಕೆ ಅವರಿಗೆ ಬರಲ್ಲಮ್ಮ. ಅವರ ಮನಸ್ಸೇ ಹಾಗೆ, ಮೆತ್ತಗೆ.” ಬೈಯುವ ಹಾಗೆಯೇ ಹೇಳಿದಳು, ಕೈ ಮಾತ್ರ ಗಂಡನ ಬೂಟಿನಿಂದ ಒಂದೊಂದೇ ಕಲ್ಲು ತೆಗೆದು ಹಾಕುತ್ತಿತ್ತು.

ಹುಡುಗಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎದ್ದು, ಮೂವರನ್ನೂ ಊಟದ ಬುತ್ತಿಯ ಸಮೇತ ವ್ಯಾನಿನೊಳಗೆ ಕೂರಿಸಿ ಬಾಗಿಲು ಹಾಕಿದಳು. ಹೆಂಡತಿಗೆ ಮೊಣಕಾಲು ಮೊಣಕೈಗೆಲ್ಲ ರಕ್ಷೆ ಕಟ್ಟಿ, ಹೆಲ್ಮೆಟ್ ತೊಡಿಸಿ, ತನ್ನ ಬೈಕಿನ ಹಿಂದೆ ಹತ್ತಿಸಿಕೊಂಡಳು.

“ಸಾರ್, ನಿಮ್ಮ ಮನೆಯವರು ಹೋಗ್ತಿದಾರೆ. ನೋಡ್ಕೊಂಡು ಹಿಂದೇನೇ ಬನ್ನಿ.”

ಎರಡು ತಿಂಗಳಿಂದ ತನ್ನ ಹಿಂದೆ ಕೂರದ ಹೆಂಡತಿ ಇನ್ನೊಬ್ಬರ ಹಿಂದೆ ಕೂತು ಹೋಗುತ್ತಿದ್ದಾಳೆ! ಗಡಿಯಾರದವನು ಕಣ್ಣು ಕೀಳಲಿಲ್ಲ. ಅವಳು ತಿರುವಿಗೆ ಇಳಿದಳು, ಇವನೂ ಇಳಿದ. ಅವಳು ವಾಲಿದಳು, ಇವನೂ ವಾಲಿದ. ತೊಡೆ ಟ್ಯಾಂಕಿಗೆ ಅಂಟಿತು, ಎದೆ ತಗ್ಗಿತು, ಬಲ ಮೊಣಕಾಲಿನ ರಕ್ಷೆ ನೆಲಕ್ಕೆ ಸರ್ರೆಂದು ಸವರಿತು. ಒಂದು, ಎರಡು, ಮೂರು ತಿರುವು, ಹತ್ತು ಸುತ್ತು. ಜಲ್ಲಿಯ ಮೇಲೆ ಕಾಗೆ ಬಂದು ಕೂತಿತು, ಅಲ್ಲಿಗೆ ಯಾರೂ ಬರಲಿಲ್ಲ.

ವ್ಯಾನಿನ ಕಿಟಕಿಯಲ್ಲಿ ಮೇಷ್ಟ್ರು ಕಣ್ಣೊರೆಸಿಕೊಂಡರು.

“ಮುಂದೆ ಹೆಂಡ್ತಿ ಇದ್ರೆ ಮಾತ್ರ ಬರುತ್ತಲ್ಲ, ಇದನ್ನ ಕಲಿತ ಹಾಗೆ ಅಂತ ಒಪ್ಕೊಳ್ತೀರಾ?” ಎಂದು ಗಡಿಯಾರದವನೇ ಹಿಂಜರಿಯುತ್ತ ಕೇಳಿದ.

“ಮುಂದೆ ಯಾರಿದ್ರು ಅಂತ ಬರಿಯಕ್ಕೆ ಸರ್ಟಿಫಿಕೇಟಲ್ಲಿ ಜಾಗ ಇಲ್ಲ ಸಾರ್,” ಎಂದು ಹುಡುಗಿ ಸಹಿ ಹಾಕಿ ಕೊಟ್ಟಳು.

ಹೆಂಡತಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಟ್ರ್ಯಾಕಿಗೆ ಇಳಿಯುವ ಮುನ್ನ ಬಿಚ್ಚಿಸಿದ್ದ ಕನ್ನಡಿಗಳನ್ನು ಅವನು ಮತ್ತೆ ಬೈಕಿಗೆ ಸಿಕ್ಕಿಸುವುದನ್ನೇ ಕಾದಿದ್ದು, ಅವನ ಭುಜದ ಮೇಲೆ ಕೈಯಿಟ್ಟು ಹತ್ತಿದಳು. ಬೈಕು ಹಿಂದೆ ಒಂದಿಷ್ಟು ಕುಸಿಯಿತು. ಗಡಿಯಾರದವನ ಜೀವಕ್ಕೆ ಹಾಯೆನಿಸಿತು.

“ಇವತ್ತು ನಿಮ್ಮನ್ನ ನೋಡಿ ನಂಗೆ...” ಎಂದು ಅವಳು ಆಗಲೇ ಮಾತು ಶುರು ಮಾಡಿದಳು.

ಗೇಟಿನ ಹೊರಗೇ ಬಲಕ್ಕೊಂದು ತಿರುವು. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಿಂತರು. ಅವನು ಮೆಲ್ಲಗೆ ಬಂದ, ಬ್ರೇಕ್ ಹಿಡಿದ, ಅರ್ಧ ಸರಿದ, ಮೊಣಕಾಲು ತೆರೆದ. ಎಲ್ಲಿ ನೋಡಬೇಕು? ಮುಂದೆ ಖಾಲಿ ರಸ್ತೆ. ಅಷ್ಟರಲ್ಲಿ ಬಲಗಡೆಯ ಕನ್ನಡಿಯಲ್ಲಿ ಅವಳ ಮುಖ ಕಂಡಿತು. ನಗುತ್ತಿದ್ದಳು.

ರಸ್ತೆ ತಿರುಗಿತು. ಅವನು ಕನ್ನಡಿ ನೋಡುತ್ತಲೇ ಇದ್ದ. ಬೈಕು ನೆಟ್ಟಗೆ ಹೋಗಿ, ಗೇಟಿನಾಚೆ ಪೇರಿಸಿದ್ದ ಹಳೇ ಟೈರುಗಳ ರಾಶಿಗೆ ಗುದ್ದಿತು. ಇಬ್ಬರೂ ಒಂದೊಂದು ಟೈರಿನಲ್ಲಿ ತೊಟ್ಟಿಲಲ್ಲಿ ಕೂತ ಹಾಗೆ ಕೂತರು.

“ಎಲ್ಲಿ ನೋಡ್ತಿದ್ರಿ?”

“ನಿನ್ನನ್ನೇ ಕಣೇ.”

ಅವಳು ಅವನ ಮೊಣಕೈಯ ಧೂಳು ಕೊಡವಿದಳು. ಆಮೇಲೆ ಎದ್ದು ಸೀದಾ ವ್ಯಾನಿನ ಕಡೆ ನಡೆದಳು.

“ಸಿಟ್ಟಿಲ್ಲ ರೀ. ಆದ್ರೆ ನೀವು ಮನೆ ಸೇರ್ಬೇಕು ಅಂದ್ರೆ ನಾನು ಮುಂದೇನೇ ಇರ್ಬೇಕು.”

ವ್ಯಾನು ಮುಂದೆ ಹೊರಟಿತು. ಹಿಂಬಾಗಿಲಿನ ಗಾಜಿನಲ್ಲಿ ಹೆಂಡತಿಯ ಮುಖ. ಅದನ್ನೇ ನೋಡುತ್ತ ಗಡಿಯಾರದವನು ದಾರಿಯ ಹನ್ನೊಂದು ತಿರುವನ್ನೂ ಎಣ್ಣೆ ಜಾರಿದಷ್ಟು ನುಣ್ಣಗೆ ದಾಟಿದ. ಕೊನೆಯ ತಿರುವಿನಲ್ಲಂತೂ ಅವನು ವಾಲಿದ್ದನ್ನು ಕಂಡು ಮೇಷ್ಟ್ರು ತಡೆಯಲಾರದೆ ಡಿಗ್ರಿ ಕೂಗಲು ಹೊರಟರು. ಅವಳು ಥಟ್ಟನೆ ಅವರ ಬಾಯಿ ಮುಚ್ಚಿದಳು.

ಗಡಿಯಾರದವನ ಹಿಂದಿನ ಸೀಟಿನ ಮೇಲೆ ಸರ್ಟಿಫಿಕೇಟು ಕೂತು ಬರುತ್ತಿತ್ತು. ಅದಕ್ಕೂ ಮಾತು ಬರುತ್ತಿರಲಿಲ್ಲ.